ಕೋಡ್ ಸರಿ ಇದೆ, ಬೋರ್ಡಿಗೆ ಹೋಗುತ್ತಿಲ್ಲ

ಕೆಂಪುಕೋಟೆಯ ಎದುರಿನ ಲಜಪತ್ ರಾಯ್ ಮಾರ್ಕೆಟ್ಟಿನಲ್ಲಿ ಆರ್ಡುಯಿನೋ ಬೋರ್ಡು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ತೆಗೆದುಕೊಡುವುದು ಅದರ ಪಡಿಯಚ್ಚನ್ನು. ಇದರಲ್ಲಿ ಕಳ್ಳತನವೇನೂ ಇಲ್ಲ. ಬೋರ್ಡಿನ ನಕ್ಷೆಯನ್ನು ಆರ್ಡುಯಿನೋ ತಂಡವೇ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಹೆಸರು, ಲಾಂಛನ ಮಾತ್ರ ಅವರ ಸ್ವತ್ತು. ಪಡಿಯಚ್ಚಿನಲ್ಲೂ ಅದೇ ಎಟಿಮೆಗಾ 328ಪಿ ಚಿಪ್ಪು, ಅದೇ 32 ಕೆಬಿ ಫ್ಲ್ಯಾಷ್ ಮೆಮೊರಿ, ಅದೇ 2 ಕೆಬಿ ರ‍್ಯಾಮ್. ಬದಲಾಗಿರುವುದು ಯುಎಸ್‌ಬಿ ಸಾಕೆಟ್ಟಿನ ಪಕ್ಕದಲ್ಲಿರುವ ಒಂದು ಸಣ್ಣ ಚಿಪ್ಪು. ಆರ್ಡುಯಿನೋದ ಮೂಲ ಊನೋ ಬೋರ್ಡಿನಲ್ಲಿ ಆ ಜಾಗದಲ್ಲಿ ಎಟಿಮೆಗಾ 16ಯು2 ಇರುತ್ತದೆ. ಅಗ್ಗದ ಬೋರ್ಡಿನಲ್ಲಿ ಚೀನಾದ ಡಬ್ಲ್ಯುಸಿಎಚ್ ಕಂಪನಿಯ ಸಿಎಚ್340. ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕ ಬಂದದ್ದನ್ನು ಮೈಕ್ರೋಕಂಟ್ರೋಲರಿಗೆ ತಿಳಿಯುವ ಸೀರಿಯಲ್ ಸಂಕೇತಕ್ಕೆ ತಿರುಗಿಸುವುದು ಅದರ ಕೆಲಸ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರೂ ಈ ಚಿಪ್ಪನ್ನು ಮೂರು ರೀತಿಯಲ್ಲಿ ನಡೆಸಿಕೊಳ್ಳುತ್ತವೆ. ನೊಯ್ಡಾ, ಗ್ರೇಟರ್ ನೊಯ್ಡಾ, ಗುರುಗ್ರಾಮ, ಫರಿದಾಬಾದುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ವಾರ ಬಂತೆಂದರೆ ಕೇಳಿಬರುವ 'ಕೋಡ್ ಸರಿ ಇದೆ ಸರ್, ಬೋರ್ಡಿಗೆ ಹೋಗ್ತಾ ಇಲ್ಲ' ಎಂಬ ದೂರಿನ ಬಹುಪಾಲು ಈ ಜಾಗದಿಂದಲೇ ಶುರುವಾಗುತ್ತದೆ.

ಅಂಥ ಒಂದು ತರಗತಿಯಲ್ಲಿ ಒಬ್ಬಳ ಮುಂದೆ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಇರುತ್ತದೆ. ಪಕ್ಕದವನದು ನೆಹರೂ ಪ್ಲೇಸಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್, ಅದರಲ್ಲಿ ಉಬುಂಟು. ಇನ್ನೊಬ್ಬನದು ಅಣ್ಣ ಬಳಸಿ ಕೊಟ್ಟ ಮ್ಯಾಕ್‌ಬುಕ್. ಲ್ಯಾಬ್ ಮ್ಯಾನ್ಯುಯಲ್ ಮಾತ್ರ ಎಲ್ಲರಿಗೂ ಒಂದೇ, ಅದರಲ್ಲಿರುವ ಚಿತ್ರಗಳೆಲ್ಲ ವಿಂಡೋಸಿನವು. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದು ಊಟಕ್ಕೆ ನಿಂತಾಗಲೂ ನಮ್ಮ ಕನ್ನಡ ಮನೆಗಳ ಮಕ್ಕಳು 'ಅಂಕಲ್, ಒಂದ್ಸಲ ನೋಡ್ತೀರಾ' ಎಂದು ಬ್ಯಾಗಿನಿಂದ ಬೋರ್ಡು ತೆಗೆಯುವುದುಂಟು. ಅವರಲ್ಲಿ ಹಲವರು ತಮಗೆ ಪ್ರೋಗ್ರಾಮಿಂಗೇ ಒಗ್ಗದು ಎಂದು ಅಷ್ಟರಲ್ಲಿ ತೀರ್ಮಾನಿಸಿಬಿಟ್ಟಿರುತ್ತಾರೆ. ನನಗೆ ಸಂಕಟವಾಗುವುದು ಅಲ್ಲಿ. ಅವರ ಕೋಡಿನಲ್ಲಿ ತಪ್ಪೇನೂ ಇರುವುದಿಲ್ಲ. ಅಪ್‌ಲೋಡ್ ಗುಂಡಿ ಒತ್ತಿದ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಲ್ಯಾಬುಗಳು ವಿಂಡೋಸಿಗೇ ಏಕೆ ಅಂಟಿಕೊಂಡವು ಎನ್ನುವುದಕ್ಕೆ ಇತಿಹಾಸವಿದೆ. ಇಂಟೆಲ್ 8051 ಚಿಪ್ಪನ್ನು ಹೊರತಂದದ್ದು 1980ರಲ್ಲಿ. ನಮ್ಮ ದೇಶದ ಪಠ್ಯಕ್ರಮಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕೋಡ್ ಬರೆಯಲು ಕಾಲೇಜುಗಳು ಆರಿಸಿಕೊಂಡ ಕೈಲ್ ಮ್ಯೂವಿಷನ್ ಇದ್ದದ್ದು ವಿಂಡೋಸಿಗೆ ಮಾತ್ರ. ಅದರ ಉಚಿತ ಆವೃತ್ತಿಯಲ್ಲಿ 8051ಕ್ಕೆ 2 ಕೆಬಿಯ ಮಿತಿ. ಬೋರ್ಡಿಗೆ ಕಳಿಸಲು ಫ್ಲ್ಯಾಷ್ ಮ್ಯಾಜಿಕ್. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಓದಿದವರಿಗೂ ಇದೇ ಜೋಡಿ ಚಿರಪರಿಚಿತ. ಮುಂದೆ ಎಆರ್‌ಎಂ7ರ ಎಲ್‌ಪಿಸಿ2148 ಬಂದಾಗಲೂ ಜೋಡಿ ಬದಲಾಗಲಿಲ್ಲ. ಪಿಐಸಿ ಚಿಪ್ಪುಗಳ ಎಂಪಿಲ್ಯಾಬ್ ಕೂಡ 8ನೆಯ ಆವೃತ್ತಿಯವರೆಗೆ ವಿಂಡೋಸಿನದೇ ಆಗಿತ್ತು. ಮೂರೂ ಕಡೆ ನಡೆಯುವ ಎಂಪಿಲ್ಯಾಬ್ ಎಕ್ಸ್ ಬಂದದ್ದು ಆಮೇಲೆ. ಹಾಗಂತ ಬೇರೆ ದಾರಿ ಇರಲಿಲ್ಲವೇ? ಇತ್ತು. ಸಂದೀಪ್ ದತ್ತಾ 1999ರಲ್ಲಿ ಶುರುಮಾಡಿದ ಎಸ್‌ಡಿಸಿಸಿ ಎಂಬ ಮುಕ್ತ ಕಂಪೈಲರ್ 8051ಕ್ಕೇ ಬರೆದದ್ದು. ಲಿನಕ್ಸಿನಲ್ಲೂ ನಡೆಯುತ್ತದೆ, ಎರಡು ಕೆಬಿಯ ಗೋಡೆಯೂ ಇಲ್ಲ. ಭಾರತ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ನೀತಿಯನ್ನು ಹೊರಡಿಸಿತು. ಆದರೂ ಬೋರ್ಡಿನ ಲ್ಯಾಬುಗಳಲ್ಲಿ ಎಸ್‌ಡಿಸಿಸಿ ಹೆಸರು ಕೇಳಿದವರು ವಿರಳ. ಮೇಷ್ಟ್ರು ತಾವು ಕಲಿತದ್ದನ್ನೇ ಕಲಿಸುತ್ತಾರೆ, ಮ್ಯಾನ್ಯುಯಲ್ ವರ್ಷದಿಂದ ವರ್ಷಕ್ಕೆ ಜೆರಾಕ್ಸ್ ಆಗುತ್ತದೆ.

ವಿಂಡೋಸಿನ ಈ ಗೋಡೆಯನ್ನು ನಿಜವಾಗಿ ಕೆಡವಿದ್ದು ಆರ್ಡುಯಿನೋ. ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯಲ್ಲಿ 2005ರಲ್ಲಿ ಮಾಸ್ಸಿಮೋ ಬಾನ್ಜಿ ಮತ್ತು ಸಂಗಡಿಗರು ಅದನ್ನು ರೂಪಿಸಿದರು. ಅದಕ್ಕೆ ಮುಂಚೆ ಅದೇ ಶಾಲೆಯಲ್ಲಿ ಕೊಲಂಬಿಯಾದ ಎರ್ನಾಂದೋ ಬರ್ರಾಗಾನ್ ಮಾಡಿದ್ದ 'ವೈರಿಂಗ್' ಅದಕ್ಕೆ ತಳಹದಿ. ಬೋರ್ಡಿಗೆ ಕೋಡ್ ತುಂಬುವ ಕೆಲಸವನ್ನು ಬ್ರಯನ್ ಡೀನ್ ಬರೆದಿದ್ದ ಎವಿಆರ್‌ಡ್ಯೂಡ್ ಎಂಬ ಪ್ರೋಗ್ರಾಂ ಮಾಡುತ್ತದೆ. ಮೂರು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಒಂದೇ ಕಿಟಕಿ, ಒಂದೇ ಗುಂಡಿ. ಕಲಾವಿದರಿಗೂ ಶಾಲಾ ಮಕ್ಕಳಿಗೂ ಇದು ದೊಡ್ಡ ಉಪಕಾರ. ಆದರೆ ಗುಂಡಿ ಒಂದೇ ಆದದ್ದರಿಂದ ಅದರ ಹಿಂದಿನ ಸರಪಳಿ ಕಣ್ಣಿಗೆ ಬೀಳದಂತಾಯಿತು. ಕೊಂಡಿ ಎಲ್ಲಿ ಕಳಚಿದರೂ ಕೊನೆಗೆ ಕಾಣುವುದು ಅದೇ ಕೆಂಪಕ್ಷರದ ಸಾಲು.

ಸರಪಳಿ ಹೀಗಿದೆ. ನೀವು ಬರೆದದ್ದನ್ನು ಕಂಪೈಲರ್ ಚಿಪ್ಪಿನ ಭಾಷೆಗೆ ತಿರುಗಿಸಿ ಹೆಕ್ಸ್ ಫೈಲು ಮಾಡುತ್ತದೆ. ಎವಿಆರ್‌ಡ್ಯೂಡ್ ಸೀರಿಯಲ್ ಪೋರ್ಟನ್ನು ತೆರೆಯುತ್ತದೆ. ತೆರೆದ ಕ್ಷಣ ಡಿಟಿಆರ್ ಎಂಬ ತಂತಿಯಲ್ಲಿ ಒಂದು ಮಿಡಿತ ಹೋಗಿ, 100 ನ್ಯಾನೋಫ್ಯಾರಡ್ ಕೆಪಾಸಿಟರ್ ದಾಟಿ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಎಚ್ಚೆತ್ತ ಚಿಪ್ಪಿನಲ್ಲಿ ಮೊದಲು ಓಡುವುದು ಬೂಟ್‌ಲೋಡರ್. ಊನೋದಲ್ಲಿ ಅದು ಬರೀ 512 ಬೈಟಿನ ಪ್ರೋಗ್ರಾಂ. ಸುಮಾರು ಒಂದು ಸೆಕೆಂಡು ಅದು 'ಯಾರಾದರೂ ಕರೆಯುತ್ತಿದ್ದಾರಾ' ಎಂದು ಕಾಯುತ್ತದೆ. ಸರಿಯಾದ ವೇಗದಲ್ಲಿ ಕರೆ ಬಂದರೆ ಹೊಸ ಕೋಡನ್ನು ತುಂಬಿಸಿಕೊಳ್ಳುತ್ತದೆ, ಬಾರದಿದ್ದರೆ ಹಳೆಯ ಕೋಡನ್ನು ಓಡಿಸುತ್ತದೆ. ಆ ಒಂದು ಸೆಕೆಂಡಿನಲ್ಲಿ ಉತ್ತರ ಸಿಗದಿದ್ದಾಗ ಬರುವುದೇ ಪ್ರಸಿದ್ಧವಾದ 'ನಾಟ್ ಇನ್ ಸಿಂಕ್' ಎರರ್, ಹತ್ತರಲ್ಲಿ ಒಂದನೇ ಪ್ರಯತ್ನದಿಂದ ಹತ್ತನೇ ಪ್ರಯತ್ನದವರೆಗೆ. ಈ ಸಾಲು ಕಾರಣ ಹೇಳುವುದಿಲ್ಲ. ಆ ಕಡೆಯಿಂದ ಉತ್ತರ ಬರಲಿಲ್ಲ ಎಂದಷ್ಟೇ ಹೇಳುತ್ತದೆ. ಕೇಬಲ್ಲು, ಡ್ರೈವರ್ರು, ತಪ್ಪು ಬೋರ್ಡಿನ ಆಯ್ಕೆ, ಸತ್ತ ಬೂಟ್‌ಲೋಡರ್, ಬ್ಲೂಟೂತ್ ಮಾಡ್ಯೂಲನ್ನು 0 ಮತ್ತು 1ನೇ ಪಿನ್ನಿಗೆ ಚುಚ್ಚಿಟ್ಟದ್ದು, ಯಾವುದಕ್ಕೂ ಇದೇ ಸಾಲು.

ಆರ್ಡುಯಿನೋದ ನ್ಯಾನೋ ಬೋರ್ಡಿನದು ಇನ್ನೊಂದು ಕಥೆ. 2018ರಿಂದ ಈಚಿನ ಮೂಲ ನ್ಯಾನೋಗಳ ಬೂಟ್‌ಲೋಡರ್ 115200 ವೇಗದಲ್ಲಿ ಮಾತಾಡುತ್ತದೆ, ಹಳೆಯದು 57600ರಲ್ಲಿ. ನಮ್ಮ ಮಾರ್ಕೆಟ್ಟಿನ ಅಗ್ಗದ ನ್ಯಾನೋಗಳಲ್ಲಿ ಬಹಳಷ್ಟು ಇನ್ನೂ ಹಳೆಯದನ್ನೇ ಹೊತ್ತಿವೆ. ಟೂಲ್ಸ್ ಮೆನುವಿನ ಪ್ರೊಸೆಸರ್ ಪಟ್ಟಿಯಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿದರೆ ಮುಗಿಯಿತು. ಇದಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ಸಂಬಂಧವೇ ಇಲ್ಲ. ಆದರೂ ಇದೊಂದಕ್ಕಾಗಿ ವಿಂಡೋಸನ್ನೇ ಹೊಸದಾಗಿ ಹಾಕಿಸಿಕೊಂಡು ಬಂದವರಿದ್ದಾರೆ.

ಹಾಗಾಗಿ ಮೊದಲ ಪರೀಕ್ಷೆ ಸಿಸ್ಟಮ್ಮಿನ ಒಳಗೆ ಇಳಿಯುವುದಕ್ಕೆ ಮುಂಚಿನದು. ಪೋರ್ಟುಗಳ ಪಟ್ಟಿಯನ್ನು ತೆರೆದು ನೋಡಿ, ಕೇಬಲ್ ಕಿತ್ತು ಮತ್ತೆ ನೋಡಿ. ಒಂದು ಹೆಸರು ಮಾಯವಾಗಿ, ಮತ್ತೆ ಚುಚ್ಚಿದಾಗ ಮರಳಿ ಬಂದರೆ ಕೇಬಲ್ಲೂ ಡ್ರೈವರ್ರೂ ಬದುಕಿವೆ ಎಂದರ್ಥ. ಏನೂ ಬದಲಾಗದಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ. ಮೊಬೈಲ್ ಚಾರ್ಜಿಂಗಿಗೆಂದೇ ಮಾಡಿದ ಕೇಬಲ್ಲುಗಳಲ್ಲಿ ಎರಡು ವಿದ್ಯುತ್ ತಂತಿ ಮಾತ್ರ ಇರುತ್ತವೆ, ಡೇಟಾ ತಂತಿಗಳು ಇರುವುದೇ ಇಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಹಳೆಯ ಕೋಡ್ ಓಡುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡು ಇದೆಯೆಂದೇ ಗೊತ್ತಾಗುವುದಿಲ್ಲ. ಮೆಟ್ರೋ ನಿಲ್ದಾಣದ ಹೊರಗೆ ಕೊಂಡ ಕೇಬಲ್ ಇಟ್ಟುಕೊಂಡು ಇಡೀ ಸಂಜೆ ಡ್ರೈವರ್ ಹುಡುಕುವವರಿಗೆ ಇದನ್ನು ಮೊದಲೇ ಹೇಳಬೇಕು.

ವಿಂಡೋಸಿನಲ್ಲಿ ಪೋರ್ಟಿಗೆ ಕಾಮ್ 3, ಕಾಮ್ 7 ಎಂಬಂಥ ಹೆಸರು. ಮೂಲ ಊನೋ ಬೋರ್ಡನ್ನು ವಿಂಡೋಸ್ 10 ಮತ್ತು 11 ಯಾವ ಡ್ರೈವರ್ರೂ ಕೇಳದೆ ಗುರುತಿಸುತ್ತವೆ. ಸಿಎಚ್340 ಇದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ ಬಂದರೂ ಬರಬಹುದು; ಡಬ್ಲ್ಯುಸಿಎಚ್‌ನದೇ ಡ್ರೈವರ್ ಹಾಕಿದರೆ ಹೋಗುತ್ತದೆ. ತೊಡಕು ಶುರುವಾಗುವುದು ನಕಲಿ ಚಿಪ್ಪುಗಳಲ್ಲಿ. ಎಫ್‌ಟಿಡಿಐ ಕಂಪನಿ 2014ರಲ್ಲಿ ಹೊರಬಿಟ್ಟ ಡ್ರೈವರ್, ತನ್ನ ಎಫ್‌ಟಿ232 ಚಿಪ್ಪಿನ ನಕಲನ್ನು ಕಂಡರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ವಿಂಡೋಸ್ ಅಪ್‌ಡೇಟಿನ ಜೊತೆ ತಾನಾಗಿ ಬಂದ ಈ ಡ್ರೈವರಿನಿಂದ ಜಗತ್ತಿನಾದ್ಯಂತ ಸಾಧನಗಳು ಕೆಟ್ಟವು. ಕೂಗೆದ್ದ ಮೇಲೆ ಕಂಪನಿ ಅದನ್ನು ಹಿಂತೆಗೆಯಿತು. ಪ್ರಾಲಿಫಿಕ್ ಇನ್ನೊಂದು ದಾರಿ ಹಿಡಿಯಿತು: ಅದರ ಹೊಸ ಡ್ರೈವರ್ ಹಳೆಯ ಪಿಎಲ್2303 ಚಿಪ್ಪನ್ನು ಕಂಡರೆ, ಇದು 2012ರಿಂದ ತಯಾರಿಕೆಯಲ್ಲಿಲ್ಲ, ಮಾರಿದವರನ್ನು ಕೇಳಿ ಎಂದು ಡಿವೈಸ್ ಮ್ಯಾನೇಜರಿನಲ್ಲೇ ಬರೆದು ಸುಮ್ಮನಾಗುತ್ತದೆ. ಹಳೆಯ ಆವೃತ್ತಿಯ ಡ್ರೈವರಿಗೆ ಮರಳಿದರೆ ಅದೇ ಕೇಬಲ್ ಕೆಲಸ ಮಾಡುತ್ತದೆ. ನಕಲು ಮಾಡಿದವನ ಮೇಲಿನ ಸಿಟ್ಟನ್ನು, ಅಸಲಿ ಯಾವುದು ನಕಲಿ ಯಾವುದು ಎಂದು ತಿಳಿಯಲು ದಾರಿಯೇ ಇಲ್ಲದ ಕೊಳ್ಳುವವನ ಮೇಲೆ ತೀರಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

'ಆಕ್ಸೆಸ್ ಈಸ್ ಡಿನೈಡ್' ಎಂಬ ಎರರಿಗೆ ವಿಂಡೋಸಿನಲ್ಲಿ ಸಾಮಾನ್ಯ ಕಾರಣ ಬಹಳ ಸಾದಾ: ಪೋರ್ಟನ್ನು ಇನ್ನೊಂದು ಪ್ರೋಗ್ರಾಂ ಹಿಡಿದುಕೊಂಡಿದೆ. ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದೇ ಇರಬಹುದು, ಆರ್ಡುಯಿನೋದ ಎರಡನೇ ಕಿಟಕಿ ಇರಬಹುದು, ಪೈಥಾನ್ ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ಒಂದು ಪೋರ್ಟು ಒಂದು ಹೊತ್ತಿಗೆ ಒಬ್ಬರಿಗೇ ಸಿಗುತ್ತದೆ.

ನಮ್ಮಂಥವರಿಗೆ ವಿಶೇಷವಾಗಿ ಕಾಡುವ ಒಂದು ತೊಂದರೆ ಇದೆ, ಅದರ ಬಗ್ಗೆ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗುವುದು ಕಡಿಮೆ. ವಿಂಡೋಸ್ ಹಾಕುವಾಗ ಬಳಕೆದಾರರ ಹೆಸರನ್ನು ಹಿಂದಿಯಲ್ಲೋ ಕನ್ನಡದಲ್ಲೋ ಬರೆದರೆ ಅದೇ ಹೆಸರಿನ ಫೋಲ್ಡರ್ ಸಿ ಡ್ರೈವಿನಲ್ಲಿ ತಯಾರಾಗುತ್ತದೆ. ಆರ್ಡುಯಿನೋ ತನ್ನ ಕಂಪೈಲರ್, ತಾತ್ಕಾಲಿಕ ಫೈಲುಗಳು ಎಲ್ಲವನ್ನೂ ಇಡುವುದು ಆ ಫೋಲ್ಡರಿನ ಒಳಗೆ. ಹಳೆಯ ರೀತಿಯಲ್ಲಿ ಬರೆದ ಕಂಪೈಲರ್ ಉಪಕರಣಗಳು ಫೈಲಿನ ಹಾದಿಯನ್ನು ಯೂನಿಕೋಡಿನಲ್ಲಿ ಓದುವುದಿಲ್ಲ, ಆಯಾ ದೇಶದ 'ಕೋಡ್ ಪೇಜ್' ಮೂಲಕ ಓದುತ್ತವೆ. ರಷ್ಯನ್ನಿಗೆ 1251, ಜಪಾನಿಗೆ 932 ಎಂದು ಕೋಡ್ ಪೇಜುಗಳಿವೆ. ಕನ್ನಡ, ದೇವನಾಗರಿಗಳಿಗೆ ವಿಂಡೋಸಿನಲ್ಲಿ ಅಂಥದ್ದು ಇರಲೇ ಇಲ್ಲ. ನಮ್ಮ ಲಿಪಿಗಳು ಯೂನಿಕೋಡಿನ ಮೂಲಕವೇ ಬಂದವು. ಹಾಗಾಗಿ ಅಂಥ ಉಪಕರಣಕ್ಕೆ ನಮ್ಮ ಹೆಸರಿನ ಜಾಗದಲ್ಲಿ ಕಾಣುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕೊನೆಗೆ ಬರುವ ಎರರ್ 'ಫೈಲ್ ಸಿಗಲಿಲ್ಲ' ಎಂಬುದು, ಫೈಲ್ ಕಣ್ಣೆದುರೇ ಇರುತ್ತದೆ. ಸೆಟ್ಟಿಂಗಿನಲ್ಲಿ ಹೆಸರು ಬದಲಿಸಿದರೆ ಫೋಲ್ಡರಿನ ಹೆಸರು ಬದಲಾಗುವುದಿಲ್ಲ. ರೋಮನ್ ಅಕ್ಷರದ ಹೆಸರಿನಲ್ಲಿ ಇನ್ನೊಂದು ಅಕೌಂಟ್ ತೆರೆಯುವುದೇ ಸುಲಭದ ದಾರಿ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದ ಹುಡುಗಿ ಅದಕ್ಕಾಗಿ ಲ್ಯಾಬಿನಲ್ಲಿ ಹಿಂದೆ ಬೀಳುವುದು ನನಗೆ ಸಹಿಸಲಾಗದ ಸಂಗತಿ. ಇಎಸ್‌ಪಿ32ರ ಅಧಿಕೃತ ಉಪಕರಣಗಳ ಮಾರ್ಗದರ್ಶಿ ಇಂಥ ತೊಡಕನ್ನು ಮುಚ್ಚಿಡುವುದಿಲ್ಲ: ವಿಂಡೋಸಿನಲ್ಲಿ ಫೋಲ್ಡರಿನ ಹಾದಿ 90 ಅಕ್ಷರ ಮೀರಬಾರದು, ನಡುವೆ ಖಾಲಿ ಜಾಗವಾಗಲಿ ಕಂಸವಾಗಲಿ ಇರಬಾರದು ಎಂದು ನೇರವಾಗಿ ಬರೆದಿದೆ. ಒನ್‌ಡ್ರೈವ್ ಸದ್ದಿಲ್ಲದೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ತನ್ನೊಳಗೆ ಎಳೆದುಕೊಂಡಾಗ ಹಾದಿ ಇನ್ನೂ ಉದ್ದವಾಗುತ್ತದೆ. ಸ್ಕೆಚ್ (ಆರ್ಡುಯಿನೋ ಪ್ರೋಗ್ರಾಂ) ಫೋಲ್ಡರನ್ನು ಸಿ ಡ್ರೈವಿನ ಬುಡದಲ್ಲೇ ಒಂದು ಚಿಕ್ಕ ಹೆಸರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಲಿನಕ್ಸಿನಲ್ಲಿ ಪರಿಸ್ಥಿತಿ ತಿರುಗಾಮುರುಗಾ. ಸಿಎಚ್340, ಎಫ್‌ಟಿಡಿಐ, ಸಿಪಿ2102, ಪ್ರಾಲಿಫಿಕ್ ಎಲ್ಲಕ್ಕೂ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಇಲ್ಲಿ ಅಡ್ಡಿ ಬರುವುದು ಅನುಮತಿಯ ವಿಷಯದಲ್ಲಿ. ಟಿಟಿವೈಯುಎಸ್‌ಬಿ0 ಅಥವಾ ಟಿಟಿವೈಎಸಿಎಂ0 ಎಂಬ ಹೆಸರಿನಲ್ಲಿ ಪೋರ್ಟ್ ಕಾಣುತ್ತದೆ, ತೆರೆಯಹೋದರೆ 'ಪರ್ಮಿಷನ್ ಡಿನೈಡ್'. ಉಬುಂಟು, ಡೆಬಿಯನ್‌ಗಳಲ್ಲಿ, ಡೆಬಿಯನ್ ತಳಹದಿಯ ನಮ್ಮ ಸಿಡ್ಯಾಕ್‌ನ ಬಾಸ್ ಲಿನಕ್ಸಿನಲ್ಲೂ, ಸೀರಿಯಲ್ ಪೋರ್ಟುಗಳು 'ಡಯಲೌಟ್' ಎಂಬ ಗುಂಪಿನವು. ಆರ್ಚ್ ಲಿನಕ್ಸಿನಲ್ಲಿ ಆ ಗುಂಪು 'ಯುಯುಸಿಪಿ'. ಯೂಸರ್‌ಮಾಡ್ ಆಜ್ಞೆಯಿಂದ ನಿಮ್ಮನ್ನು ಆ ಗುಂಪಿಗೆ ಸೇರಿಸಿಕೊಂಡು, ಲಾಗೌಟ್ ಆಗಿ ಮತ್ತೆ ಲಾಗಿನ್ ಆದರೆ ಸರಿಹೋಗುತ್ತದೆ. ಲಾಗೌಟ್ ಆಗದಿದ್ದರೆ ಗುಂಪಿನ ಸದಸ್ಯತ್ವ ಲೆಕ್ಕಕ್ಕೆ ಬರುವುದಿಲ್ಲ; ಬಹಳ ಜನ ಎಡವುವುದು ಈ ಸಣ್ಣ ಹೆಜ್ಜೆಯಲ್ಲಿ. ಸೀನಿಯರುಗಳಿಂದ ಜೂನಿಯರುಗಳಿಗೆ ಸಾಗಿಬರುವ ಚೀಟಿಯಲ್ಲಿ ಇರುವ ಮದ್ದು ಬೇರೆ: ಪೋರ್ಟಿನ ಫೈಲಿಗೆ 777 ಅನುಮತಿ ಕೊಡು, ಇಲ್ಲವೇ ಇಡೀ ಆರ್ಡುಯಿನೋವನ್ನು ಸುಡೋ ಹಾಕಿ ಓಡಿಸು. ಮೊದಲನೆಯದು ಕೇಬಲ್ ಕಿತ್ತು ಚುಚ್ಚಿದರೆ ಹಾರಿಹೋಗುತ್ತದೆ. ಎರಡನೆಯದರಿಂದ ಸ್ಕೆಚ್ ಫೋಲ್ಡರಿನ ಫೈಲುಗಳೆಲ್ಲ ರೂಟ್ ಹೆಸರಿಗೆ ಬರೆದುಕೊಂಡು, ಮರುದಿನ ನಿಮ್ಮದೇ ಪ್ರೋಗ್ರಾಂ ನಿಮಗೇ ತಿದ್ದಲು ಬರುವುದಿಲ್ಲ.

2022ರ ಏಪ್ರಿಲಿನಲ್ಲಿ ಉಬುಂಟು 22.04 ಬಂದ ಮೇಲೆ ಹೊಸದೊಂದು ಕಾಟ ಶುರುವಾಯಿತು. ಸಿಎಚ್340 ಬೋರ್ಡ್ ಚುಚ್ಚಿದರೆ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯ. ಕರ್ನಲ್ಲಿನ ದಾಖಲೆಯನ್ನು ತೋರಿಸುವ ಡಿಮೆಸೇಜ್ ಆಜ್ಞೆ ಕೊಟ್ಟು ನೋಡಿದರೆ ಕಥೆ ಅಲ್ಲೇ ಇರುತ್ತದೆ: ಸಿಎಚ್340 ಚಿಪ್ಪನ್ನು ನಡೆಸುವ ಸಿಎಚ್341 ಡ್ರೈವರ್ ಬೋರ್ಡನ್ನು ಹಿಡಿದುಕೊಂಡಿತು, ಟಿಟಿವೈಯುಎಸ್‌ಬಿ0 ಎಂಬ ಹೆಸರು ಕೊಟ್ಟಿತು, ಮರುಕ್ಷಣವೇ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಬಂದು ಬೋರ್ಡನ್ನು ಅದರ ಕೈಯಿಂದ ಬಿಡಿಸಿಕೊಂಡಿತು. ಬಿಆರ್‌ಎಲ್‌ಟಿಟಿವೈ ಅಂಧರ ಬ್ರೈಲ್ ಪರದೆಗಳನ್ನು ನಡೆಸುವ ತಂತ್ರಾಂಶ. ಒಂದು ಬ್ರೈಲ್ ಪರದೆಯ ಒಳಗೂ ಇದೇ ಸಿಎಚ್340 ಚಿಪ್ಪು ಇದೆ. ಯುಎಸ್‌ಬಿಯಲ್ಲಿ ಪ್ರತಿ ಸಾಧನಕ್ಕೂ ಗುರುತಿನ ಸಂಖ್ಯೆ ಇರುತ್ತದೆ. ಆ ಪರದೆಯದೂ ನಮ್ಮ ಬೋರ್ಡಿನದೂ 1ಎ86, 7523 ಎಂಬ ಒಂದೇ ಜೋಡಿ. ಚುಚ್ಚಿದ್ದು ಬೋರ್ಡೋ ಬ್ರೈಲ್ ಪರದೆಯೋ ಎಂದು ಲಿನಕ್ಸಿಗೆ ತಿಳಿಯುವ ಬಗೆಯಿಲ್ಲ.

ಎಲ್ಲೆಡೆ ಸಿಗುವ ಪರಿಹಾರ ಒಂದೇ ಸಾಲಿನದು: ಬಿಆರ್‌ಎಲ್‌ಟಿಟಿವೈಯನ್ನು ತೆಗೆದುಹಾಕಿ. ಸ್ವಂತ ಲ್ಯಾಪ್‌ಟಾಪಿನಲ್ಲಿ, ಬ್ರೈಲ್ ಬಳಸುವವರು ಮನೆಯಲ್ಲಿ ಇಲ್ಲವಾದರೆ, ಹಾಗೆ ಮಾಡಿದರೆ ತೊಂದರೆಯಿಲ್ಲ. ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾಡಬಾರದು. ದೆಹಲಿ ವಿಶ್ವವಿದ್ಯಾಲಯದಲ್ಲೂ ಜೆ.ಎನ್.ಯು.ನಲ್ಲೂ ಅಂಧ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಕರ್ನಾಟಕ ಸಂಘ ಇರುವ ಆರ್.ಕೆ. ಪುರಂನಲ್ಲೇ ರಾಷ್ಟ್ರೀಯ ಅಂಧರ ಸಂಘದ ದೆಹಲಿ ಶಾಖೆ ಇದೆ. ಆ ಕಂಪ್ಯೂಟರಿನ ಮುಂದೆ ಮುಂದಿನ ವರ್ಷ ಯಾರು ಕೂರುತ್ತಾರೋ ನಮಗೆ ಗೊತ್ತಿಲ್ಲ. ಅವರು ತಮ್ಮ ಬ್ರೈಲ್ ಪರದೆ ಚುಚ್ಚಿದಾಗ ಏನೂ ಆಗದಿದ್ದರೆ, ಏಕೆ ಆಗಲಿಲ್ಲ ಎಂದು ತಿಳಿಯುವ ದಾರಿಯನ್ನೂ ನಾವು ಕಿತ್ತುಕೊಂಡಂತೆ. ಸಾಧನಗಳನ್ನು ಗುರುತಿಸುವ ಯುಡೆವ್ ನಿಯಮಗಳ ಫೋಲ್ಡರಿನಲ್ಲಿ 85-ಬಿಆರ್‌ಎಲ್‌ಟಿಟಿವೈ ಎಂಬ ಫೈಲಿದೆ. ಅದರಲ್ಲಿ ಈ ಒಂದು ಗುರುತಿನ ಸಂಖ್ಯೆಯ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿದರೆ ಸಾಕು, ಉಳಿದ ಬ್ರೈಲ್ ಪರದೆಗಳೆಲ್ಲ ಎಂದಿನಂತೆ ನಡೆಯುತ್ತವೆ. ಎರಡು ನಿಮಿಷ ಹೆಚ್ಚು ಹಿಡಿಯುವ ಕೆಲಸ. ಸಲಹೆ ಕೊಡುವವರು ಆ ಎರಡು ನಿಮಿಷವನ್ನು ಕೊಡಲೇಬೇಕು.

ಲಿನಕ್ಸಿನ ಉಳಿದ ತೊಡಕುಗಳು ಬೇಗ ಬಗೆಹರಿಯುವಂಥವು. 2022ರ ಸೆಪ್ಟೆಂಬರಿನಲ್ಲಿ ಬಂದ ಆರ್ಡುಯಿನೋ ಐಡಿಇ 2 ಆಪ್‌ಇಮೇಜ್ ರೂಪದಲ್ಲಿ ಸಿಗುತ್ತದೆ, ಉಬುಂಟು 22.04ರಲ್ಲಿ ಅದರ ಮೇಲೆ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ಲಿಬ್‌ಫ್ಯೂಸ್2 ಎಂಬ ಭಾಗ ಮೊದಲೇ ಹಾಕಿರುವುದಿಲ್ಲ. ಅದನ್ನು ಸೇರಿಸಿದರೆ ತೆರೆಯುತ್ತದೆ. ಇಎಸ್‌ಪಿ32ಗೆ ಕಂಪೈಲ್ ಮಾಡುವಾಗ 'ಪೈಥಾನ್ ಸಿಗಲಿಲ್ಲ' ಎಂದರೆ ಪೈಥಾನ್ 3 ಇದೆ, 'ಪೈಥಾನ್' ಎಂಬ ಬರಿಯ ಹೆಸರಿನ ಆಜ್ಞೆ ಇಲ್ಲ ಎಂದರ್ಥ. ಪೈಥಾನ್-ಈಸ್-ಪೈಥಾನ್3 ಎಂಬ ಪ್ಯಾಕೇಜು ಅದನ್ನು ಸರಿಮಾಡುತ್ತದೆ. 'ಸೀರಿಯಲ್ ಎಂಬ ಮಾಡ್ಯೂಲ್ ಇಲ್ಲ' ಎಂದರೆ ಪೈಥಾನ್3-ಸೀರಿಯಲ್ ಹಾಕಿ. ವಿಂಡೋಸಿನ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರಿಗೆ ಯುಎಸ್‌ಬಿ ತಾನಾಗಿ ಸಿಗುವುದಿಲ್ಲ, ಯುಎಸ್‌ಬಿಐಪಿಡಿ ಎಂಬ ಸಹಾಯಕ ಬೇಕು. ಆರಂಭದಲ್ಲಿರುವವರು ಆ ದಾರಿಗೆ ಹೋಗದಿರುವುದೇ ಲೇಸು.

ಮ್ಯಾಕಿನದು ಚಿಕ್ಕ ಪಟ್ಟಿ, ಆದರೆ ಪ್ರತಿ ಹೊಸ ಆವೃತ್ತಿಯ ಜೊತೆ ಒಂದು ಸಾಲು ಸೇರುತ್ತದೆ. 2018ರ ಮೊಹಾವಿಯಿಂದ ಆಪಲ್ ಸಿಎಚ್340ಕ್ಕೆ ತನ್ನದೇ ಡ್ರೈವರ್ ಕೊಟ್ಟಿತು. ಹಳೆಯ ಮಾರ್ಗದರ್ಶಿ ಓದಿ ಡಬ್ಲ್ಯುಸಿಎಚ್‌ನದನ್ನೂ ಹಾಕಿಕೊಂಡರೆ ಎರಡು ಡ್ರೈವರುಗಳ ತಿಕ್ಕಾಟ. 2019ರ ಕೆಟಲೀನಾ 32 ಬಿಟ್ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿತು. ಹಳೆಯ ಕಂಪೈಲರುಗಳಿಗೆ 'ಬ್ಯಾಡ್ ಸಿಪಿಯು ಟೈಪ್' ಎಂಬ ಎರರ್ ಬರತೊಡಗಿತು. 2020ರ ಕೊನೆಗೆ ಎಂ1 ಚಿಪ್ಪಿನ ಮ್ಯಾಕುಗಳು ಬಂದಾಗ ಅದೇ ಸಾಲು ಮತ್ತೆ ಕಾಣಿಸಿತು, ಈ ಸಲ ಬೇರೆ ಕಾರಣಕ್ಕೆ: ಇಂಟೆಲ್ ಚಿಪ್ಪಿಗೆಂದು ಮಾಡಿದ ಉಪಕರಣಗಳು ಓಡಬೇಕಾದರೆ ರೋಸೆಟ್ಟಾ 2 ಬೇಕು, ಅದನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು. ಒಂದೇ ಪೋರ್ಟು ಟಿಟಿವೈ ಎಂದೂ ಸಿಯು ಎಂದೂ ಎರಡು ಹೆಸರಿನಲ್ಲಿ ಕಾಣುವುದು ಮ್ಯಾಕಿನ ವಿಶೇಷ. ಟಿಟಿವೈ ಹೆಸರಿನದು ಆ ಕಡೆಯಿಂದ ಕರೆ ಬರಲೆಂದು ಕಾದು ಕೂರುತ್ತದೆ, ಸಿಯು ತಾನೇ ಕರೆಯುತ್ತದೆ. ನಮಗೆ ಬೇಕಾದದ್ದು ಸಿಯು.

ಆಪರೇಟಿಂಗ್ ಸಿಸ್ಟಮ್ ಯಾವುದೇ ಇರಲಿ ಬೋರ್ಡಿನ ಕಡೆಯಿಂದಲೇ ಬರುವ ತೊಂದರೆಗಳೂ ಇವೆ. ಇಎಸ್‌ಪಿ32ರಲ್ಲಿ 'ಪ್ಯಾಕೆಟ್ ಹೆಡರಿಗಾಗಿ ಕಾದು ಸಾಕಾಯಿತು' ಎಂಬರ್ಥದ ಎರರ್ ಬಂದರೆ ಚಿಪ್ಪು ಕೋಡ್ ಸ್ವೀಕರಿಸುವ ಸ್ಥಿತಿಗೆ ಹೋಗಿಲ್ಲ. ಪರದೆಯ ಮೇಲೆ 'ಕನೆಕ್ಟಿಂಗ್' ಎಂದು ಚುಕ್ಕೆಗಳು ಓಡತೊಡಗಿದಾಗ ಬೋರ್ಡಿನ 'ಬೂಟ್' ಗುಂಡಿಯನ್ನು ಒತ್ತಿ ಹಿಡಿದರೆ ಹೋಗುತ್ತದೆ. ಪ್ರತಿಸಲ ಒತ್ತುವ ತಾಪತ್ರಯ ಬೇಡವೆಂದರೆ ಇಎನ್ ಪಿನ್ನಿಗೂ ಗ್ರೌಂಡಿಗೂ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು ರೂಢಿ. 'ಬ್ಲೂ ಪಿಲ್' ಎಂಬ ಅಗ್ಗದ ಎಸ್‌ಟಿಎಂ32 ಬೋರ್ಡುಗಳಲ್ಲಿ ಚಿಪ್ಪೇ ಬೇರೆ ಕಂಪನಿಯದಾಗಿರುವುದು ಸಾಮಾನ್ಯ. ಜರ್ಮನಿಯ ಡೊಮಿನಿಕ್ ರಾಥ್ ವಿದ್ಯಾರ್ಥಿಯಾಗಿದ್ದಾಗ ತಮ್ಮ ಪ್ರಬಂಧಕ್ಕೆಂದು ಆರಂಭಿಸಿದ ಓಪನ್‌ಒಸಿಡಿ ಅದನ್ನು ಹಿಡಿದುಕೊಡುತ್ತದೆ: ಇರಬೇಕಾದ ಗುರುತು 1ಬಿಎ01477, ಸಿಕ್ಕಿದ್ದು 2ಬಿಎ01477 ಎಂದು ಬರೆಯುತ್ತದೆ. ಅಂಗಡಿಗೆ ಆ ಸಾಲನ್ನು ತೆಗೆದುಕೊಂಡು ಹೋಗಿ ತೋರಿಸಬಹುದು.

ಈ ಸರಪಳಿಯನ್ನೇ ಚಿಕ್ಕದು ಮಾಡುವ ಪ್ರಯತ್ನಗಳು ನಡೆದಿವೆ, ಶಾಲೆಗಳ ಮಟ್ಟಿಗೆ ನನಗೆ ಹೆಚ್ಚು ಭರವಸೆ ಇರುವುದು ಅವುಗಳಲ್ಲೇ. ನೀತಿ ಆಯೋಗ 2016ರಿಂದ ದೇಶದಲ್ಲಿ 10,000 ಅಟಲ್ ಟಿಂಕರಿಂಗ್ ಲ್ಯಾಬುಗಳಿಗೆ ಹಣ ಕೊಟ್ಟಿದೆ, ಆರನೇ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳಿಗಾಗಿ. 2025ರ ಬಜೆಟ್ಟಿನಲ್ಲಿ ಇನ್ನೂ 50,000 ಲ್ಯಾಬುಗಳ ಘೋಷಣೆಯಾಗಿದೆ. ಅಡ್ಮಿನ್ ಪಾಸ್‌ವರ್ಡ್ ಟೀಚರಿಗೆ ಗೊತ್ತಿಲ್ಲದ ಶಾಲೆಯಲ್ಲಿ ಡ್ರೈವರ್ ಹಾಕುವಂತಿಲ್ಲ, ಗುಂಪಿಗೆ ಸೇರಿಸುವಂತಿಲ್ಲ. ಅಂಥ ಕಡೆ 2021ರ ಜನವರಿಯಲ್ಲಿ ನಾಲ್ಕು ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪೀಕೋ ಒಳ್ಳೆಯ ಆಯ್ಕೆ. ಗುಂಡಿ ಒತ್ತಿ ಹಿಡಿದು ಚುಚ್ಚಿದರೆ ಅದು ಪೆನ್ ಡ್ರೈವಿನಂತೆ ಕಾಣುತ್ತದೆ, ಯುಎಫ್2 ಫೈಲನ್ನು ಎಳೆದು ಹಾಕಿದರೆ ಕೋಡ್ ತುಂಬಿತು. ಬಿಬಿಸಿಯ ಮೈಕ್ರೋಬಿಟ್ ಕೂಡ ಹೀಗೆಯೇ. ಪೆನ್ ಡ್ರೈವ್ ಓದುವುದಕ್ಕೆ ಮೂರೂ ಸಿಸ್ಟಮ್‌ಗಳಿಗೆ ಬರುತ್ತದೆ, ಡ್ರೈವರಿನ ಗೊಡವೆಯಿಲ್ಲ. ಇದೂ ಪೂರ್ತಿ ನಿರಾತಂಕವಲ್ಲ: 2022ರಲ್ಲಿ ಮ್ಯಾಕಿನ ವೆಂಚುರಾ 13.0ರ ಫೈಂಡರ್ ಆ ಫೈಲನ್ನು ನಕಲು ಮಾಡಲು ಹೋಗಿ ಮುಗ್ಗರಿಸುತ್ತಿತ್ತು, 13.1ರಲ್ಲಿ ಸರಿಹೋಯಿತು. ಇನ್ನೊಂದು ದಾರಿ ಬ್ರೌಸರಿನದು. ಕ್ರೋಮ್ 2021ರಿಂದ ವೆಬ್‌ಸೀರಿಯಲ್ ಮೂಲಕ ನೇರವಾಗಿ ಪೋರ್ಟಿಗೆ ಮಾತಾಡಬಲ್ಲದು. ಆದರೆ ಲಿನಕ್ಸಿನ ಡಯಲೌಟ್ ಗುಂಪು ಅಲ್ಲೂ ಬೇಕೇ ಬೇಕು.

ನಮ್ಮದೇ ಚಿಪ್ಪಿನ ಬೋರ್ಡೂ ಈಗ ಇದೆ. ತಿರುವನಂತಪುರದ ಸಿಡ್ಯಾಕ್ ರೂಪಿಸಿದ ವೇಗಾ ಸರಣಿಯ ತೇಜಸ್32 ಚಿಪ್ಪಿರುವ ಏರೀಸ್ ಬೋರ್ಡನ್ನು ಆರ್ಡುಯಿನೋ ಐಡಿಇಯಿಂದಲೇ ಪ್ರೋಗ್ರಾಂ ಮಾಡಬಹುದು. ಸಂತೋಷದ ವಿಷಯ. ಅದರ ಜೊತೆ ಮೂರೂ ಆಪರೇಟಿಂಗ್ ಸಿಸ್ಟಮ್‌ಗಳಿಗೆ, ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿ, ಎರರ್ ಸಾಲಿನಿಂದ ಕಾರಣಕ್ಕೆ ಕರೆದೊಯ್ಯುವ ಕೈಪಿಡಿಯೊಂದು ಬರಬೇಕು. ಸರ್ಕಾರಿ ಸಂಸ್ಥೆಯ ಕೈಯಲ್ಲಿ ಆಗುವ ಕೆಲಸ ಅದು. ವಿಶ್ವವಿದ್ಯಾಲಯಗಳಿಗೂ ಒಂದು ಮಾತು: ಮೈಕ್ರೋಕಂಟ್ರೋಲರ್ ಲ್ಯಾಬಿನ ಮೊದಲ ದಿನ ದೀಪ ಮಿನುಗಿಸುವುದನ್ನು ಕಲಿಸುವ ಬದಲು, ಬೇಕೆಂದೇ ಕೆಡಿಸಿಟ್ಟ ಬೋರ್ಡುಗಳನ್ನು ಕೊಡಿ. ಒಂದಕ್ಕೆ ಚಾರ್ಜಿಂಗ್ ಕೇಬಲ್, ಒಂದರಲ್ಲಿ ಹಳೆಯ ಬೂಟ್‌ಲೋಡರ್, ಒಂದರ ಪೋರ್ಟ್ ಪುಟ್ಟಿಯ ಹಿಡಿತದಲ್ಲಿ. ಅಂಕ ಕೊಡಬೇಕಾದದ್ದು ಕಾರಣ ಹುಡುಕಿದ್ದಕ್ಕೆ.

ಅಲ್ಲಿಯವರೆಗೆ, ಸಹಾಯ ಕೇಳುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಪರದೆಯ ಕೊನೆಯ ಕೆಂಪು ಸಾಲಿನ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಕಳಿಸಬೇಡಿ. ಕಾರಣ ಸಾಮಾನ್ಯವಾಗಿ ಮೊದಲ ಎರರ್ ಸಾಲಿನಲ್ಲಿರುತ್ತದೆ, ಕೊನೆಯದು ಅದರ ಪರಿಣಾಮ. ಆರ್ಡುಯಿನೋದ ಪ್ರಿಫರೆನ್ಸಸ್ ತೆರೆದು, ವರ್ಬೋಸ್ ಔಟ್‌ಪುಟ್ ಎಂಬಲ್ಲಿ ಅಪ್‌ಲೋಡಿಗೆ ಟಿಕ್ ಹಾಕಿ ಮತ್ತೆ ಕಳಿಸಿ ನೋಡಿ. ಆಗ ಎವಿಆರ್‌ಡ್ಯೂಡನ್ನು ಕರೆದ ಪೂರ್ತಿ ಸಾಲು ಕಾಣುತ್ತದೆ. ಅದರಲ್ಲಿ ಪಿ ದೊಡ್ಡಕ್ಷರದ ಮುಂದೆ ಪೋರ್ಟಿನ ಹೆಸರು, ಬಿ ಸಣ್ಣಕ್ಷರದ ಮುಂದೆ ವೇಗ, ಪಿ ಸಣ್ಣಕ್ಷರದ ಮುಂದೆ ಚಿಪ್ಪಿನ ಹೆಸರು ಇರುತ್ತವೆ. ಆ ಮೂರನ್ನೂ ನಿಮ್ಮ ಮೇಜಿನ ಮೇಲಿರುವ ಬೋರ್ಡಿನ ಜೊತೆ ಹೋಲಿಸಿ. ಹೊಂದದಿದ್ದರೆ ಎಲ್ಲಿ ತಿದ್ದಬೇಕೆಂದು ನಿಮಗೇ ಗೊತ್ತಾಗುತ್ತದೆ. ಎಲ್ಲ ಹೊಂದಿದ್ದರೆ ಆ ಪಠ್ಯವನ್ನು ಮೊದಲಿಂದ ಕೊನೆಯವರೆಗೆ ಕಾಪಿ ಮಾಡಿ, ಆಪರೇಟಿಂಗ್ ಸಿಸ್ಟಮ್ಮಿನ ಹೆಸರು, ಆವೃತ್ತಿ, ಯುಎಸ್‌ಬಿ ಪಕ್ಕದ ಚಿಪ್ಪಿನ ಮೇಲೆ ಬರೆದಿರುವ ಅಕ್ಷರಗಳು, ಇಷ್ಟನ್ನು ಸೇರಿಸಿ ಕಳಿಸಿ. ಅಷ್ಟಿದ್ದರೆ ದೆಹಲಿಯಲ್ಲಿ ಕೂತವರು ಧಾರವಾಡದ ಬೋರ್ಡಿನ ದೋಷವನ್ನೂ ಹೇಳಬಹುದು.